ಎಣ್ಣೆಯಲ್ಲಿ ಅದ್ದಿದ ಅರಳೆ

ರಾತ್ರಿ ಬಹಳ ಹೊತ್ತಾದ ಮೇಲೆ ಅತ್ತೆಯ ಕೋಣೆಯಿಂದ ‘ಟಿಕ್’ ಎಂಬ ಸಣ್ಣ ಸದ್ದೊಂದು ಬರುತ್ತಿತ್ತು. ಸ್ವಲ್ಪ ತಡೆದು ಇನ್ನೊಂದು ‘ಟಿಕ್’. ಬಾಗಿಲ ಚಿಲಕದ ಸದ್ದಲ್ಲ, ಹಲ್ಲಿ ಲೊಚಗುಟ್ಟಿದ್ದೂ ಅಲ್ಲ. ಏನನ್ನೋ ತೆರೆದು, ನೋಡಿ, ಮತ್ತೆ ಮುಚ್ಚಿಟ್ಟ ಸದ್ದು. ನನ್ನ ಗಂಡ ಎಬಿನೇಜರ ಹೊಳೆಯ ಪಾಲಾದ ಮೇಲೆ ಶುರುವಾಗಿತ್ತು. ಗೋಡೆಯ ಈಚೆ ನಾನು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ. ಅವರು ತೆರೆಯುವುದು ಏನನ್ನು, ನನಗೆ ಕಾಣದ ಹಾಗೆ ಯಾಕೆ ತೆರೆಯುತ್ತಾರೆ ಎಂದು ಬೆಳಿಗ್ಗೆ ಕೇಳಬೇಕೆಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಅವರ ಮುಖ ನೋಡಿದರೆ ಒಲೆ ಹೊತ್ತಿಸಲು ಹೋಗಿಬಿಡುತ್ತಿದ್ದೆ. ಕೇಳಲಾರದವಳು ಊಹಿಸುತ್ತಾಳೆ. ನಾನು ಬಹಳ ಊಹಿಸಿದೆ.

ಮನೆಯಲ್ಲಿ ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಒಲೆ ಬಾಗಿಲುಗಳ ಮಾತು. ‘ಅನ್ನಕ್ಕ ಇಟ್ಟಿ?’ ‘ಕದಾ ಹಾಕೇನು?’ ಅಷ್ಟೇ. ಅತ್ತೆ ದೀನಮಣಿಯಮ್ಮ ಅಂದರೆ ಊರಿನಲ್ಲಿ ಮಾತಿಗೆ ಹೆಸರಾದವರು; ಮದುವೆಯಾಗಿ ಬಂದ ಹೊಸದರಲ್ಲಿ ಅವರ ಮಾತಿನ ಭರಾಟೆಗೆ ನಾನು ಅಡುಗೆಮನೆಯ ಮೂಲೆ ಹಿಡಿಯುತ್ತಿದ್ದೆ. ಈಗ ಅವರು ಬಾಯಿ ತೆರೆಯುತ್ತಿದ್ದದ್ದು ವಾರಕ್ಕೊಂದು ಸಲ, ಭಾನುವಾರ, ಆರಾಧನೆಯ ನಡುವಿನ ಮೌನದಲ್ಲಿ. ಆಗ ಮಾತ್ರ ತಡೆಯೇ ಇಲ್ಲದೆ ಮಾತಾಡುತ್ತಿದ್ದರು. ಮುಖ ನನ್ನ ಕಡೆ ತಿರುಗಿರುತ್ತಿತ್ತು. ನನಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಮೌನ ಸುಮ್ಮನೆ ಆಗುವಂಥದ್ದಲ್ಲ. ಅದಕ್ಕೆ ಜಾಗ ಮಾಡಿಕೊಡಬೇಕು. ಒಂದು ಕಡೆಯಿಂದ ಸದ್ದನ್ನು ತೆಗೆದರೆ ಇನ್ನೊಂದು ಕಡೆ ಅದನ್ನು ಇಳಿಸಬೇಕು, ತಲೆಯ ಮೇಲಿನ ಹೊರೆಯನ್ನು ಇಳಿಸಿದ ಹಾಗೆ. ಇದು ನಮಗೆ ಗೊತ್ತಾದದ್ದು ಜಯವಂತ ಅಯ್ಯನವರು ಪಾದ್ರಿಯಾಗಿ ನಮ್ಮ ಸಭೆಗೆ ಬಂದ ವರ್ಷ. ಅದಕ್ಕೆ ಮುಂಚೆ ನಮ್ಮ ಆರಾಧನೆಯಲ್ಲಿ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಕೀರ್ತನೆಯ ಬೆನ್ನಿಗೆ ಪ್ರಾರ್ಥನೆ, ಪ್ರಾರ್ಥನೆಯ ಬೆನ್ನಿಗೆ ಪ್ರಸಂಗ, ಪ್ರಸಂಗದ ಬೆನ್ನಿಗೆ ಪ್ರಕಟಣೆ. ನಡುವೆ ಯಾರಾದರೂ ತಡವರಿಸಿದರೆ ಹಾರ್ಮೋನಿಯಂ ಆ ಸಂದಿಯನ್ನು ತುಂಬುತ್ತಿತ್ತು. ಅಯ್ಯನವರು ಬಂದು ಎರಡೋ ಮೂರೋ ವಾರ ಇದನ್ನೆಲ್ಲ ನೋಡಿದರು. ಆಮೇಲೆ ಒಂದು ಭಾನುವಾರ ಪ್ರಸಂಗ ಮುಗಿಸಿ, “ದೇವರ ಮುಂದ ನಾವು ಹೇಳೋದು ಭಾಳ ಆತು. ಇನ್ನ ಒಂದೀಟು ಕೇಳೂಣು,” ಎಂದು ವೇದಿಕೆಯ ಮೇಲಿದ್ದ ಕೈಗಂಟೆಯನ್ನು ಎತ್ತಿ ಅಲ್ಲಾಡಿಸಿದರು.

ಗಂಟೆ ಸದ್ದು ಮಾಡಲಿಲ್ಲ. ಅದರ ನಾಲಿಗೆ ಹಿಂದಿನ ದಿನವೇ ಕಳಚಿ ಬಿದ್ದಿತ್ತು. ಚರ್ಚಿನ ಕೆಲಸದ ಯೋನಾ ಅದನ್ನು ಬೆಸುಗೆ ಹಾಕಿಸಲು ಕಮ್ಮಾರ ಖಾದರಸಾಬರ ಕುಲುಮೆಗೆ ಕೊಟ್ಟು ಬಂದಿದ್ದ. ಬರೀ ಗಂಟೆ ಗಾಳಿಯಲ್ಲಿ ಆಡಿತು, ಅದರ ಜೊತೆಗೇ ದೇವಾಲಯದೊಳಗಿನ ಸದ್ದೆಲ್ಲ ಹೋಯಿತು. ಕೆಮ್ಮುತ್ತಿದ್ದವರ ಕೆಮ್ಮು ಹೋಯಿತು. ಮುಂದಿನ ಬೆಂಚಿನಲ್ಲಿ ಒಂದು ಕೂಸು ಬಾಯಿ ಇಷ್ಟಗಲ ತೆರೆದು ಅಳುತ್ತಿತ್ತು, ಅಳು ಮಾತ್ರ ಇರಲಿಲ್ಲ. ಅಂಥ ಮೌನವನ್ನು ನಾವು ಯಾರೂ ಕಂಡಿರಲಿಲ್ಲ. ಕೆಲವರು ಅತ್ತರು. ಅಯ್ಯನವರು ಮೊಣಕಾಲೂರಿ ಕೂತುಬಿಟ್ಟರು. ಎಷ್ಟೋ ಹೊತ್ತಿನ ಮೇಲೆ ಅವರು ಗಂಟೆಯನ್ನು ಬೋರಲು ಹಾಕಿದಾಗ ಸದ್ದು ಹಿಂದಿರುಗಿತು, ಮತ್ತು ಅಷ್ಟರಲ್ಲೇ ಖಾದರಸಾಬರು ಚರ್ಮದ ಮುಂಗವಚದಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತರು.

“ಅಯ್ಯನೋರೇ, ನಿಮ್ಮ ಕೂಸುಗಳು ನನ್ನ ಕುಲಿಮಿಯೊಳಗ ಅಳಾಕತ್ತಿದ್ದವು! ಯಾವನೋ ಮುದುಕ ತಿದಿಯೊಳಗ ಕುಂತು ಕೆಮ್ಮೀ ಕೆಮ್ಮೀ ನನ್ನ ಬೆಂಕೀನ ಆರಿಸಿಬಿಟ್ಟ. ನಿಮ್ಮ ದೇವರಿಗೆ ಶಾಂತಿ ಬೇಕಾದ್ರ ಬಡವನ ಅಂಗಡೀನ ಆಗಬೇಕೇನು?”

ಆವತ್ತು ಎಲ್ಲರೂ ನಕ್ಕರು. ಆದರೆ ಆ ಮೌನವನ್ನು ಒಮ್ಮೆ ಕಂಡವರಿಗೆ ಅದಿಲ್ಲದ ಆರಾಧನೆ ರುಚಿಸಲಿಲ್ಲ. ಹಿರಿಯರು ಕೂತು ಒಂದು ಪದ್ಧತಿ ಮಾಡಿದರು. ಪ್ರತಿ ಶನಿವಾರ ಸಂಜೆ ಯೋನಾ ಗಂಟೆಯ ನಾಲಿಗೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಆ ವಾರದ ಪಾಳಿಯ ಮನೆಗೆ ಒಯ್ದು ಕೊಡುವುದು. ಆ ಮನೆಯವರು ಭಾನುವಾರ ಆರಾಧನೆಗೆ ಬರದೆ, ಒಂದು ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು, ಬಂದ ಸದ್ದಿಗೆ ಜಾಗ ಕೊಡುವುದು. ಒಬ್ಬರೇ ಕೂರಬಾರದು, ಇಬ್ಬರಾದರೂ ಇರಬೇಕು. ಕಿವಿಗೆ ಹರಳೆಣ್ಣೆಯಲ್ಲಿ ಅದ್ದಿದ ಅರಳೆ ಇಟ್ಟುಕೊಳ್ಳಬೇಕು. ಬಂದದ್ದನ್ನು ಕೇಳುವ ಹಾಗಿಲ್ಲ, ಕೇಳಿದರೂ ಹೇಳುವ ಹಾಗಿಲ್ಲ. ಪಾಳಿಯ ಮನೆಯವರು ಭಾನುವಾರ ಸಂಜೆ ಹೊರಗೆ ಬಂದರೆ ಅವರ ಕಿವಿಗಳು ಎಣ್ಣೆಯಲ್ಲಿ ಮಿರುಗುತ್ತಿದ್ದವು. ಅದನ್ನು ನೋಡಿ ಊರಿಗೆ ನೆಮ್ಮದಿ.

ಮೊದಮೊದಲು ಜನ ಆ ಹೊತ್ತಿನಲ್ಲಿ ನಿಜವಾಗಿ ಸುಮ್ಮನಿದ್ದರು. ಆಮೇಲೆ ಒಬ್ಬೊಬ್ಬರಾಗಿ ಕಲಿತರು. ಇಲ್ಲಿ ಆಡಿದ್ದು ಪಕ್ಕದವರಿಗೆ ಕೇಳುವುದಿಲ್ಲ. ಅಲ್ಲಿ ಕೇಳಬಹುದಾದವರ ಕಿವಿಯಲ್ಲಿ ಅರಳೆ ಇದೆ. ಕಣ್ಣು ಮುಚ್ಚಿಕೊಂಡಿರಬೇಕೆಂಬುದು ಅಯ್ಯನವರ ಕಟ್ಟಪ್ಪಣೆ. ನಾನು ಮುಚ್ಚುತ್ತಿರಲಿಲ್ಲ. ಚಿಕ್ಕಂದಿನಿಂದಲೂ ನನಗೆ ಅದು ಕಷ್ಟ. ಎಲ್ಲರೂ ಕಣ್ಣು ಮುಚ್ಚಿದ ಕಡೆ ಒಬ್ಬರಾದರೂ ಎಚ್ಚರವಿರಬೇಕು ಅನ್ನಿಸುತ್ತದೆ. ಹಾಗಾಗಿ ನಾನು ಕಂಡೆ. ನೂರಾರು ಜನ ಕಣ್ಣು ಮುಚ್ಚಿ ಬಾಯಿ ತೆರೆದಿದ್ದರು. ಕುತ್ತಿಗೆಯ ನರ ಉಬ್ಬಿ ಬರುವಂತೆ ಕಿರುಚುತ್ತಿದ್ದವರಿದ್ದರು, ಯಾರನ್ನೋ ಬಯ್ಯುತ್ತಿದ್ದವರಿದ್ದರು, ನಗುತ್ತಿದ್ದವರೂ ಇದ್ದರು. ಅಯ್ಯನವರು ನಮಗೆ ಬೆನ್ನು ಮಾಡಿ ಕೂತಿರುತ್ತಿದ್ದುದರಿಂದ ಅವರ ಬಾಯಿ ಕಾಣುತ್ತಿರಲಿಲ್ಲ; ಅವರೂ ಯಾರನ್ನೋ ಬಯ್ಯುತ್ತಿರಬಹುದೆಂದು ನನಗೆ ಅನುಮಾನವಿತ್ತು. ನನ್ನ ತುಟಿ ಮಾತ್ರ ಹೊಲಿದ ಹಾಗಿತ್ತು. ಅರಳೆಯನ್ನು ನಾನು ನಂಬುತ್ತಿರಲಿಲ್ಲ.

ಅತ್ತೆಯ ತುಟಿಗಳು ವಾರವಾರವೂ ಅದೇ ಆಕಾರದಲ್ಲಿ ಆಡುತ್ತಿದ್ದವು. ಅದೇ ಮಾತು, ಅದೇ ಅನುಕ್ರಮ; ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಆ ಆಕಾರಗಳನ್ನು ನನ್ನ ತುಟಿಯಲ್ಲಿ ಮಾಡಿ ನೋಡುತ್ತಿದ್ದೆ. ಏನೂ ಹೊಂದುತ್ತಿರಲಿಲ್ಲ. ಆದರೂ ಏನಿರಬಹುದೆಂದು ನನಗೆ ಗೊತ್ತಿತ್ತು. ಶಾಪ. ಇನ್ನೇನಿರುತ್ತದೆ?

ಎಬಿನೇಜರ ಸತ್ತದ್ದು ಚಿಮಣಿ ಎಣ್ಣೆಗೆ ಹೋಗಿ. ಬೆಳಿಗ್ಗೆ ನಾನು “ಎಣ್ಣೆ ಮುಗೀತು” ಅಂದಿದ್ದು ನಿಜ. ಸಂಜೆ ಅವನು ಡಬ್ಬಿ ಹಿಡಿದು ಹೊರಟವನು, ಓಣಿಯ ಅಂಗಡಿಯನ್ನು ದಾಟಿ, ಹೊಳೆಗೆ ಹೋಗಿ, ಹರಿಗೋಲು ಹತ್ತಿ ಆಚೆ ದಂಡೆಯ ಪೇಟೆಗೆ ಹೋದ. ಬರುವಾಗ ಹರಿಗೋಲು ಮಗುಚಿತು. ಮರುದಿನ ಡಬ್ಬಿ ಮುಚ್ಚಳ ಭದ್ರವಾಗಿದ್ದ ಹಾಗೇ ತೇಲಿ ದಂಡೆಗೆ ಬಂತು, ಆಮೇಲೆ ಅವನೂ ಬಂದ. ಹೆಂಡತಿ ಎಣ್ಣೆ ತಾ ಅಂದಳು, ಗಂಡ ಹೊಳೆಗೆ ಹೋದ ಅಂತ ಊರು ಮಾತಾಡಿತು. ತಾ ಅಂದಿರಲಿಲ್ಲ, ಮುಗೀತು ಅಂದಿದ್ದೆ. ಆದರೆ ಈ ವ್ಯತ್ಯಾಸವನ್ನು ಯಾರ ಮುಂದೆ ಹೇಳಲಿ? ಓಣಿಯಲ್ಲೇ ಎಣ್ಣೆ ಸಿಗುತ್ತಿರುವಾಗ ಆಚೆ ದಂಡೆಗೆ ಯಾಕೆ ಹೋದ ಎಂಬುದು ನನ್ನನ್ನು ಕಾಡಿತು. ಅಲ್ಲಿ ಅಗ್ಗವಿರಬೇಕು ಎಂದು ನಾನೇ ಉತ್ತರ ಹೇಳಿಕೊಂಡೆ. ಆವತ್ತು ಚಾಪೆಯ ಮೇಲೆ ಅವನನ್ನು ಮಲಗಿಸಿದಾಗ ಅತ್ತೆ ನನ್ನ ಮುಖ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಅಂದಿನಿಂದ ಆ ಮಾತು ನಮ್ಮ ನಡುವೆ ಕೂತಿತ್ತು.

ನನ್ನ ಅಕ್ಕ ಮಿಲ್ಕಾ ಇನ್ನೊಂದು ಊರಿನಲ್ಲಿ ಶಾಲೆ ನಡೆಸುತ್ತಾಳೆ. “ಬಂದುಬಿಡು ಕೆಜಿಯಾ. ಓದಿದಾಕಿ ನೀನು. ಆ ಮುದುಕಿ ವಾರಾವಾರ ನಿನ್ನ ಶಪಿಸಿಕೋತ ಕೂಡತಾಳ, ನೀನು ಆಕೀಗೆ ಗಂಜಿ ಕಾಸಿಕೋತ ಕೂಡತೀ,” ಎನ್ನುತ್ತಿದ್ದಳು. ಹೊಸ ವರ್ಷದ ಶಾಲೆ ಶುರುವಾಗುವುದರೊಳಗೆ ಹೌದು ಅಥವಾ ಇಲ್ಲ ಹೇಳಬೇಕಿತ್ತು. ಹೋಗುವುದು ತಪ್ಪಲ್ಲವೆಂದು ನನಗೂ ಅನ್ನಿಸುತ್ತಿತ್ತು. ಆದರೆ ಊಹೆಯ ಮೇಲೆ ಒಬ್ಬ ಮುದುಕಿಯನ್ನು ಬಿಟ್ಟು ಹೋಗಲಾರೆ. ಅವರು ನಿಜವಾಗಿ ನನ್ನನ್ನೇ ಶಪಿಸುತ್ತಿದ್ದಾರೆಂದು ಒಮ್ಮೆ ಕಿವಿಯಾರೆ ಕೇಳಿದರೆ ಸಾಕು, ಟ್ರಂಕು ಕಟ್ಟುತ್ತಿದ್ದೆ.

ಕೇಳುವುದು ಹೇಗೆ? ನಮ್ಮ ಮನೆಗೆ ಪಾಳಿ ಬಂದರೆ ಅತ್ತೆಯೂ ಮನೆಯಲ್ಲೇ ಉಳಿಯಬೇಕು. ಅದೂ ಬರುತ್ತಿರಲಿಲ್ಲ, ಯೋನಾ ನಮ್ಮ ಬಾಗಿಲಿಗೆ ಬಂದಾಗೆಲ್ಲ ಅತ್ತೆ, “ನಮ್ಮ ಮನಿ ಬ್ಯಾಡಪ್ಪ, ನಾ ಗುಡಿ ತಪ್ಪಿಸೂದಿಲ್ಲ,” ಎಂದು ಕಳಿಸಿಬಿಡುತ್ತಿದ್ದರು. ಬೇರೆಯವರ ಮನೆಯಲ್ಲಿ ಜೊತೆಗೆ ಕೂರುತ್ತೇನೆಂದು ನಾನು ಕೇಳಿ ನೋಡಿದೆ. ಒಬ್ಬರು ನೆಂಟರು ಬರುತ್ತಾರೆ ಅಂದರು, ಒಬ್ಬರು ಕೋಣೆ ಸಣ್ಣದು ಅಂದರು. ಹೇಳುವಾಗ ಯಾರೂ ನನ್ನ ಕಣ್ಣನ್ನು ನೋಡಲಿಲ್ಲ. ಕಾಯಿಪಲ್ಲೆ ಸಂತೆಯಲ್ಲಿ ನಾನು ಹತ್ತಿರ ಹೋದರೆ ಹೆಂಗಸರ ಮಾತು ಥಟ್ಟನೆ ನಿಲ್ಲುತ್ತಿತ್ತು. ಒಬ್ಬಾಕೆ ಯಾವ ಕಾರಣವೂ ಇಲ್ಲದೆ ನನ್ನ ಚೀಲಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿದಳು. ಗಂಡನನ್ನು ತಿಂದವಳು, ಪಾಪ ಅಂತ ಹಾಕಿದ್ದು ಎಂದು ತಿಳಿದು ನಾನು ಮನೆಗೆ ಬಂದು ಆ ಮೆಣಸಿನಕಾಯಿಗಳನ್ನು ಬೇರೆ ಮಾಡಿ ಹಿತ್ತಲಿಗೆ ಎಸೆದಿದ್ದೆ.

ಕಡೆಗೆ ಅವಕಾಶ ಸಿಕ್ಕಿದ್ದು ಯೂನಿಸ್ ಟೀಚರ ಪಾಳಿಯಲ್ಲಿ. ಅವರು ಊರಿನ ಮಕ್ಕಳಿಗೆಲ್ಲ ಸಂಡೇ ಸ್ಕೂಲಿನಲ್ಲಿ ಕಲಿಸಿದವರು, ಒಂಟಿ ಹೆಂಗಸು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಜೊತೆಗಿದ್ದ ಸೋದರ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ನಾನು ಯಾರನ್ನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆಗೆ ತಲೆನೋವೆಂದು ಹೇಳಿ, ಅವರು ಗುಡಿಯ ದಾರಿ ಹಿಡಿದ ಮೇಲೆ ಹಿಂದಿನ ಓಣಿಯಿಂದ ಟೀಚರ ಮನೆಗೆ ಹೋದೆ. ಜೊತೆಗೆ ಕೂರುವವರು ಯಾರೂ ಸಿಗದೆ ಯೋನಾ ಅವರ ಬಾಗಿಲಲ್ಲೇ ನಿಂತಿದ್ದ. ನನ್ನನ್ನು ನೋಡಿ ಅವನ ಮುಖ ಬಿಳಿಚಿತು.

“ಅಕ್ಕಾರ, ನೀವ್ಯಾಕ ಬಂದ್ರಿ? ಬ್ಯಾರೆ ಯಾರನ್ನರ ಕಳಸ್ತೀನಿ…”

“ಆರಾಧನೆ ಶುರುವಾಯ್ತು ಯೋನಾ. ಇನ್ನು ಯಾರು ಸಿಗ್ತಾರೆ? ನೀನು ನಡಿ,” ಎಂದೆ.

ಅವನು ಒಳಗೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಓಡಿದ.

ಕಿಟಕಿ ಮುಚ್ಚಿದ ಕೋಣೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೆಂಪು ಬಟ್ಟೆಯಲ್ಲಿ ಗಂಟೆಯ ನಾಲಿಗೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡ ಕಬ್ಬಿಣದ ತುಂಡು. ಪಕ್ಕದಲ್ಲಿ ಬಟ್ಟಲು, ಎಣ್ಣೆ, ಅದರಲ್ಲಿ ನೆನೆದ ಅರಳೆಯ ಉಂಡೆಗಳು. ಟೀಚರು ದಿಂಬಿಗೊರಗಿ ನನ್ನನ್ನು ಬಹಳ ಹೊತ್ತು ನೋಡಿದರು, ತಪ್ಪು ಉತ್ತರ ಹೇಳಿದ ಹುಡುಗಿಯನ್ನು ನೋಡುವ ಹಾಗೆ.

“ಎದ್ದು ನಿನ್ನ ಹೊರಗ ಹಾಕೂ ಶಕ್ತಿ ಇಲ್ಲ ನನಗ,” ಎಂದರು. “ಅದಕ್ಕ ನನ್ನ ಮನೀನ ಆರಿಸ್ಕೊಂಡಿ. ಹೌದಲ್ಲೋ?”

“ಹೌದು ಟೀಚರ್.”

“ಅರಳಿ ಇಟ್ಕೋ.”

ನಾನು ಎರಡು ಉಂಡೆ ತೆಗೆದುಕೊಂಡು, ಕಿವಿಯ ಹತ್ತಿರ ಒಯ್ದು, ಅಂಗೈಯಲ್ಲೇ ಮಡಚಿಟ್ಟುಕೊಂಡೆ. ಟೀಚರು ಅದನ್ನು ಕಂಡರು. ಅವರೂ ಎರಡು ಉಂಡೆ ತೆಗೆದುಕೊಂಡು ತಮ್ಮ ಕಿವಿಗೆ ಎಣ್ಣೆ ಸವರಿಕೊಂಡರು. ಅರಳೆಯನ್ನು ಮಾತ್ರ ಬಟ್ಟಲಿನ ಅಂಚಿಗೇ ಇಟ್ಟರು.

ಮೊದಲು ಬಂದದ್ದು ಮಗುವಿನ ಅಳು. ಮಂಚದ ಕೆಳಗಿಂದ ಬಂದಂತಾಯಿತು. ಆಮೇಲೆ ಕೆಮ್ಮು, ಬಳೆಯ ಸದ್ದು, ಬೆಂಚಿನ ಕಿರುಗುಟ್ಟುವಿಕೆ. ಅದರ ಹಿಂದೆಯೇ ಮಾತುಗಳು ಹೊಳೆಗೆ ನೀರು ಬಂದ ಹಾಗೆ ಬಂದವು. ಕೋಣೆ ತುಂಬಿ ಹೋಯಿತು. ಗೋಡೆಯ ಮೇಲಿದ್ದ ಕ್ಯಾಲೆಂಡರು ಅಲ್ಲಾಡಿತು. ಯಾರೋ ಒಬ್ಬ ತನ್ನ ಪಕ್ಕದಲ್ಲೇ ಕೂತ ಹಿರಿಯರನ್ನು ಹೆಸರು ಹಿಡಿದು ಬಯ್ಯುತ್ತಿದ್ದ. ಒಬ್ಬಾಕೆ ಸಿನಿಮಾ ಹಾಡು ಹೇಳುತ್ತಿದ್ದಳು, ಎಷ್ಟು ಚೆನ್ನಾಗಿ ಹಾಡುತ್ತಾಳೆಂದು ಅವಳ ಮನೆಯವರಿಗೂ ಗೊತ್ತಿರಲಾರದು. ಒಬ್ಬ ಗಂಡಸು ‘ಅವ್ವಾ ಅವ್ವಾ’ ಎಂದಷ್ಟೇ ಅಳುತ್ತಿದ್ದ. ಎಲ್ಲ ದನಿಗಳೂ ಗುರುತಿನವೇ. ಯಾರು ಎಂದು ಇಲ್ಲಿ ಹೇಳುವುದಿಲ್ಲ. ಈ ಊರಿನ ಹೆಸರನ್ನು ಹೇಳದೆ ಇರುವುದೂ ಅದಕ್ಕೇ. ಆ ಗದ್ದಲದ ನಡುವೆ ಅಯ್ಯನವರ ತಗ್ಗಿದ ದನಿಯೂ ಬಂತು. “ಒಂದ ಮಾತು, ಸ್ವಾಮಿ. ಒಂದರ ಮಾತಾಡು.” ಅಷ್ಟೇ ಅವರ ಪ್ರಾರ್ಥನೆ. ಅವರ ಬಗ್ಗೆ ನಾನು ಪಟ್ಟಿದ್ದ ಅನುಮಾನಗಳೆಲ್ಲ ನೆನಪಾಗಿ ಮೈ ಮುದುಡಿತು.

ಆಮೇಲೆ ಅತ್ತೆ. ನನ್ನ ಎಡಗಿವಿಯ ಪಕ್ಕದಲ್ಲೇ, ಬೆಂಚಿನಲ್ಲಿ ಅವರು ಕೂರುವ ದಿಕ್ಕಿನಲ್ಲೇ.

“ಕೆಜಿಯಾ, ಎಣ್ಣಿಗೆ ಅಲ್ಲವ್ವ. ಅವ ಎಣ್ಣಿಗೆ ಹೋಗಿದ್ದಿಲ್ಲ. ನಾನ ಕಳಿಸಿದ್ದೆ, ನಶ್ಯಾ ತರಾಕ. ಈ ದಂಡ್ಯಾಗ ಕೊಂಡ್ರ ಊರಿಗೆ ಗೊತ್ತಾಗತೈತಿ ಅಂತ ಆಚಿ ದಂಡಿಗೆ ಕಳಿಸಿದ್ದೆ. ಎಣ್ಣಿ ಡಬ್ಬಿ ಹಿಡ್ಕೊಂಡು ಹೋಗು, ಯಾರರ ಕೇಳಿದ್ರ ಎಣ್ಣಿಗೆ ಅನ್ನು, ಕೆಜಿಯಾನ ಮುಂದೂ ಖರೇ ಹೇಳಬ್ಯಾಡ ಅಂದಿದ್ದೆ. ನನ್ನ ಮೂಗಿನ ಚಟಕ್ಕ ಹೋದ ಅವ. ಮಂದಿ ನಿನ್ನ ತಲೀ ಮ್ಯಾಲ ಹಾಕಿದ್ರು, ನಾ ಸುಮ್ಮನ ಕುಂತೆ. ಎದ್ದು ಹೇಳೂ ಧೈರ್ಯ ಕೊಡಪ್ಪಾ ಅಂತ ಕೇಳಾಕತ್ತೀನಿ, ಕೊಡವಲ್ಲ. ಕೆಜಿಯಾ, ಎಣ್ಣಿಗೆ ಅಲ್ಲವ್ವ…”

ಮತ್ತೆ ಮೊದಲಿನಿಂದ. ಬೆಂಚಿನಲ್ಲಿ ನನ್ನ ಜಾಗ ಖಾಲಿಯಿದ್ದರೂ ಆ ಜಾಗಕ್ಕೇ ಹೇಳುತ್ತಿದ್ದರು.

ನಶ್ಯ. ಕೆಲವು ವರ್ಷಗಳ ಹಿಂದಿನ ಉಜ್ಜೀವನ ಕೂಟದಲ್ಲಿ ದೀನಮಣಿಯಮ್ಮ ಇಡೀ ಸಭೆಯ ಮುಂದೆ ಎದ್ದು ನಿಂತು, ತಮ್ಮ ಬೆಳ್ಳಿಯ ನಶ್ಯದ ಭರಣಿಯನ್ನು ಕಾಣಿಕೆ ತಟ್ಟೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದರು. ಜನ ಚಪ್ಪಾಳೆ ತಟ್ಟಿದ್ದರು. ಆಮೇಲೂ ಒಮ್ಮೊಮ್ಮೆ ಹಿತ್ತಲಿನಿಂದ ಅವರ ಸೀನು ಕೇಳುತ್ತಿತ್ತು, ನೆಗಡಿ ಎನ್ನುತ್ತಿದ್ದರು. ಎಬಿನೇಜರ ಹೋದ ಮೇಲೆ ಆ ನೆಗಡಿ ಬಿಟ್ಟುಹೋಗಿತ್ತು. ಇದನ್ನೆಲ್ಲ ಕಂಡಿದ್ದ ನಾನು, ಎಲ್ಲವನ್ನೂ ಕಾಣುತ್ತೇನೆಂದುಕೊಂಡವಳು, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ರಾತ್ರಿಯ ‘ಟಿಕ್’ ಯಾವುದರ ಸದ್ದೆಂದೂ ಈಗ ಗೊತ್ತಾಯಿತು. ನಶ್ಯದ ತಗಡಿನ ಡಬ್ಬಿಯ ಮುಚ್ಚಳ. ಖಾಲಿ ಡಬ್ಬಿ. ತೆರೆದು ನೋಡಿ ಮುಚ್ಚುತ್ತಿದ್ದರು.

ಸದ್ದು ಬಂದ ಹಾಗೇ ನಿಂತಿತು. ಗುಡಿಯಲ್ಲಿ ಗಂಟೆಯನ್ನು ಬೋರಲು ಹಾಕಿದ್ದರು. ನಾನು ಎದ್ದು ನಿಂತೆ. ಓಡಿಹೋಗಿ ಸಭೆ ಚದುರುವುದರೊಳಗೆ ಬಾಗಿಲಲ್ಲಿ ನಿಂತು ಕೂಗಬೇಕು ಅನ್ನಿಸಿತು: ಕೇಳಿದಿರಾ, ನಾನಲ್ಲ, ನಾನಲ್ಲ.

“ಕೂಡು,” ಎಂದರು ಟೀಚರು.

“ನೀವೂ ಕೇಳಿದಿರಿ. ನೀವು ಸಾಕ್ಷಿ ಹೇಳಬೇಕು.”

“ನಾ ಏನೂ ಕೇಳಿಲ್ಲ. ನನ್ನ ಕಿವಿಯೊಳಗ ಅರಳಿ ಇತ್ತು.”

“ಅರಳೆ ಬಟ್ಟಲಲ್ಲಿದೆ ಟೀಚರ್!”

“ಎಲ್ಲಾರ ಮನ್ಯಾಗೂ ಅದು ಬಟ್ಟಲದಾಗ ಇರತೈತಿ,” ಎಂದರು ಅವರು. “ಈ ಸಭಾದಾಗ ಆ ನಾಲಿಗಿ ಬಂದು ಹೋಗದ ಮನಿ ಯಾವುದು? ನಿಮ್ಮದೊಂದ.”

ನಾನು ಲೆಕ್ಕ ಹಾಕಿದೆ. ಅತ್ತೆ ಇದನ್ನು ಹೇಳತೊಡಗಿ ಒಂದು ವರ್ಷವೇ ಆಗಿರಬೇಕು. ವಾರಕ್ಕೊಂದು ಮನೆ. ಸಂತೆಯಲ್ಲಿ ಮಾತು ನಿಲ್ಲಿಸಿದವರು, ನನ್ನ ಕಣ್ಣು ನೋಡದವರು, ಚೀಲಕ್ಕೆ ಮೆಣಸಿನಕಾಯಿ ಹಾಕಿದವಳು, ಎಲ್ಲರಿಗೂ ಗೊತ್ತಿತ್ತು. ಹೊಳೆಗೆ ಅವನನ್ನು ಕಳಿಸಿದ್ದು ನಾನಲ್ಲವೆಂಬುದು ನನ್ನೊಬ್ಬಳನ್ನು ಬಿಟ್ಟು ಇಡೀ ಸಭೆಗೆ ಗೊತ್ತಿತ್ತು.

“ನಾನು ಒದ್ದಾಡೋದನ್ನ ನೋಡ್ತಾ ಕೂತಿದ್ದಿರಾ ಎಲ್ಲರೂ?” ನನ್ನ ದನಿ ನನಗೇ ಹೊಸದಾಗಿ ಕೇಳಿತು.

“ನೋಡಿದ್ವಿ. ಹೇಳಿದ್ರ ಏನಾಗತಿತ್ತು? ನಿಮ್ಮತ್ತಿ ಆವತ್ತ ಹೊಳೀಗೆ ಹಾರತಿದ್ಲು. ಬರೂ ಐತವಾರ ಮತ್ಯಾರು ಬಾಯಿ ತಗೀತಿದ್ರು? ಆ ‘ಅವ್ವಾ’ ಅಂತ ಅಳಾವ ಎಲ್ಲಿ ಹೋಗಿ ಅಳಬೇಕು?” ಟೀಚರು ಸೊಂಟದ ನೋವಿಗೆ ಮುಖ ಕಿವುಚಿ, ಸ್ವಲ್ಪ ಜರುಗಿ ಕೂತರು. “ನೀ ಸಿಟ್ಟಾಗೂದು ಬರೋಬ್ಬರಿ ಐತಿ. ಆದ್ರ ಒಂದು ಮಾತು ಹೇಳ್ತೀನಿ ಕೇಳು. ಇಷ್ಟು ಮಂದಿ ದನಿ ಬರತಾವು, ನಿನ್ನ ದನಿ ಒಮ್ಮಿನೂ ಬಂದಿಲ್ಲ. ಎಲ್ಲಾ ಮನ್ಯಾಗೂ ಅದನ್ನ ಮಾತಾಡ್ಕೋತಾರ. ಆ ಹುಡಿಗಿ ಬಾಯಿ ತಗೀವಲ್ಲಳು, ಕಣ್ಣು ಮುಚ್ಚವಲ್ಲಳು, ಏನು ನೋಡಾಕತ್ತಾಳೋ ಅಂತ. ನಿನ್ನ ಕಂಡ್ರ ಮಂದಿಗೆ ಅಂಜಿಕಿ ಐತಿ, ತಂಗಿ. ನಿನಗ ಅವರು ಹೆಂಗೋ, ಅವರಿಗೆ ನೀ ಹಂಗ.”

ನಾನು ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಅವರು ಮತ್ತೆ ಕರೆದರು.

“ಕಿವಿಗೆ ಎಣ್ಣಿ ಹಚ್ಕೊಂಡು ಹೋಗು. ಎಲ್ಲಾರೂ ಹಂಗ ಹೋಗೂದು.”

ಓಣಿಯ ತಿರುವಿನಲ್ಲಿ ನಿಂತೆ. ಅಂಗೈಯಲ್ಲಿ ಅರಳೆ ಇನ್ನೂ ಹಾಗೇ ಇತ್ತು, ಹಿಂಡಿ ಹಿಂಡಿ ಎಣ್ಣೆ ಮುಂಗೈವರೆಗೆ ಹರಿದಿತ್ತು. ಇಲ್ಲಿಂದ ಬಲಕ್ಕೆ ಹೋದರೆ ಗುಡಿ. ಅಂಗಳದಲ್ಲಿ ಜನ ಇನ್ನೂ ಕೈಕುಲುಕುತ್ತ ನಿಂತಿರುತ್ತಾರೆ. ಅವರಿಗೆ ಗೊತ್ತಿಲ್ಲದ್ದನ್ನು ನಾನೇನೂ ಹೇಳಬೇಕಾಗಿರಲಿಲ್ಲ. ಅವರ ಮುಂದೆ ನಿಂತು ‘ನನಗೂ ಗೊತ್ತಾಯಿತು’ ಎಂದರೆ ಸಾಕಿತ್ತು. ವರ್ಷದ ಭಾರ ಅಲ್ಲೇ ಇಳಿಯುತ್ತಿತ್ತು. ಇಳಿಸಿದ್ದು ಇನ್ನೊಂದು ಕಡೆ ಹೋಗಿ ಬೀಳಲೇಬೇಕಲ್ಲ. ಯಾರ ಮೇಲೆ ಬೀಳುತ್ತದೆಂದು ಗೊತ್ತಿತ್ತು. ಆಗಲೂ ನನ್ನಲ್ಲಿ ಕರುಣೆಯೇನೂ ಹುಟ್ಟಿರಲಿಲ್ಲ. ಸಿಟ್ಟಿತ್ತು. ಆ ಸಿಟ್ಟಿನಲ್ಲೇ ಅರಳೆಯನ್ನು ಒಂದು ಕಿವಿಗೆ ಉಜ್ಜಿದೆ, ಇನ್ನೊಂದಕ್ಕೆ ಉಜ್ಜಿದೆ, ಎಡಕ್ಕೆ ತಿರುಗಿದೆ.

ಅತ್ತೆ ನನಗಿಂತ ಮುಂಚೆ ಬಂದು ಪಡಸಾಲೆಯಲ್ಲಿ ಕೂತಿದ್ದರು. ಗುಡಿಯ ಸೀರೆಯನ್ನು ಇನ್ನೂ ಬಿಚ್ಚಿರಲಿಲ್ಲ.

“ಯೂನಿಸಳ ಮನಿಗೆ ಹೋಗಿದ್ದೆಂತ. ಯೋನಾ ಹೇಳಿದ.”

“ಹೌದು ಅತ್ತಿ. ಅವರಿಗೆ ಜೊತೆ ಇರಲಿಲ್ಲ.”

“ತಲಿನೋವು?”

“ಕಡಿಮೆಯಾಯ್ತು.”

ಅವರು ಎದ್ದು ಬಂದರು. ಮಗನ ಮೈಯನ್ನು ಚಾಪೆಯ ಮೇಲೆ ಮಲಗಿಸಿದ ದಿನದ ಮೇಲೆ ಇಷ್ಟು ಹತ್ತಿರ ಅವರು ಬಂದದ್ದು ಇದೇ ಮೊದಲು. ನನ್ನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಕಿವಿ ನೋಡಿದರು. ಬೆರಳಿನಿಂದ ಎಣ್ಣೆಯನ್ನು ಮುಟ್ಟಿ ನೋಡಿದರು.

“ಅರಳಿ ಇಟ್ಕೊಂಡಿದ್ದೇನು?”

“ಇಟ್ಕೊಂಡಿದ್ದೆ ಅತ್ತಿ. ಏನೂ ಕೇಳಲಿಲ್ಲ.”

ಅವರ ಭುಜಗಳು ಇಳಿದವು. ಅದು ನಿರಾಳವಾಗಿ ಇಳಿದದ್ದೋ, ನಿರಾಶೆಯಿಂದ ಇಳಿದದ್ದೋ ನನಗೆ ಇಂದಿಗೂ ತಿಳಿದಿಲ್ಲ. ಯೋನಾ ಅವರಿಗೆ ಗಂಟೆ ಎತ್ತುವುದಕ್ಕೆ ಮುಂಚೆ ಹೇಳಿದನೋ, ಆರಾಧನೆ ಮುಗಿದ ಮೇಲೆ ಹೇಳಿದನೋ? ಮುಂಚೆ ಹೇಳಿದ್ದರೆ, ನಾನಿರುವ ಕೋಣೆಗೆ ಈ ಮಾತು ಹೋಗುತ್ತದೆಂದು ಗೊತ್ತಿದ್ದೇ ಅವರು ಬಾಯಿ ತೆರೆದದ್ದು. ಯೋನಾ ಓಡಿದ್ದನ್ನು ನಾನು ಕಂಡಿದ್ದೆ. ಅವನನ್ನು ಕೇಳಿದರೆ ಗೊತ್ತಾಗುತ್ತದೆ. ಕೇಳುವುದೆಂದರೆ ಹೇಳಿದಂತೆಯೇ. ಕೇಳಲಿಲ್ಲ.

“ಕೈ ತೊಳ್ಕೊ, ಎಣ್ಣಿ ಆಗೇತಿ,” ಎಂದರು ಅತ್ತೆ. “ಅನ್ನಕ್ಕ ಇಡ್ತೀನಿ ನಾನು.”

ಆ ವಾರ ನಾನು ಆಚೆ ದಂಡೆಯ ಪೇಟೆಗೆ ಹೋಗಿದ್ದೆ. ಹರಿಗೋಲಿನಲ್ಲಿ ಕಣ್ಣು ಮುಚ್ಚದೆ ಕೂತಿದ್ದೆ. ನಶ್ಯದ ಅಂಗಡಿ ಸುಲಭವಾಗಿ ಸಿಕ್ಕಿತು. ಮುದುಕ ಬಾಳೆಯ ನಾರಿನಲ್ಲಿ ಸಣ್ಣ ಸಣ್ಣ ಪೊಟ್ಟಣ ಕಟ್ಟುತ್ತಿದ್ದ. ಒಂದನ್ನು ಕೈಗೆ ತೆಗೆದುಕೊಂಡು ಮೂಸಿದೆ. ಹಿತ್ತಲಿನ ಆ ನೆಗಡಿಯ ವಾಸನೆ. ಇದನ್ನು ಒಯ್ದು ಅತ್ತೆಯ ದಿಂಬಿನ ಪಕ್ಕ ಇಟ್ಟರೆ ಒಂದು ಮಾತೂ ಆಡದೆ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಆಮೇಲೆ, ಅದರಿಂದ ಮುಗಿಯುವುದು ಯಾವುದು ಎಂದು ಯೋಚಿಸಿದೆ. ಪೊಟ್ಟಣವನ್ನು ಅಲ್ಲೇ ಇಟ್ಟು ಬಂದೆ. ಮುದುಕ ಹಿಂದಿನಿಂದ, “ಮೂಸಿ ನೋಡಿದ್ದಕ್ಕ ಸೀನಾದ್ರೂ ಸೀನಿ ಹೋಗವ್ವಾ!” ಎಂದು ಕೂಗಿದ.

ಅಕ್ಕನಿಗೆ ಬರುವುದಿಲ್ಲವೆಂದೆ. ಕಾರಣ ಕೇಳಿದಳು. ಅತ್ತೆಯ ಊಟಕ್ಕೆ ತೊಂದರೆಯಾಗುತ್ತದೆ ಎಂದೆ. ಅವಳು ನಂಬಲಿಲ್ಲ, ನನಗೂ ಪೂರ್ತಿ ನಂಬಿಕೆಯಿಲ್ಲ. ಗೊತ್ತಿರುವುದನ್ನು ಹೇಳದೆ ಇಟ್ಟುಕೊಂಡವಳಿಗೆ ಒಂದು ಬಗೆಯ ಯಜಮಾನಿಕೆ ಬರುತ್ತದೆ; ಅದರ ರುಚಿಗಾಗಿಯೇ ಉಳಿದೆನೋ ಏನೋ. ಒಲೆಯ ಮುಂದೆ ಅತ್ತೆಯ ಬಾಗಿದ ಬೆನ್ನನ್ನು ನೋಡುವಾಗ ಈ ಅನುಮಾನ ಬರುತ್ತದೆ, ಅವರ ಮೇಲಲ್ಲ, ನನ್ನ ಮೇಲೆ.

ಮುಂದಿನ ಭಾನುವಾರ ನಾವಿಬ್ಬರೂ ಅದೇ ಬೆಂಚಿನಲ್ಲಿ ಕೂತೆವು. ಮುಂದಿನ ಸಾಲಿನಲ್ಲಿದ್ದ ಮೆಣಸಿನಕಾಯಿಯವಳು ತಿರುಗಿ ನನ್ನನ್ನೊಮ್ಮೆ ನೋಡಿ, ಬೇಗ ಮುಂದಕ್ಕೆ ತಿರುಗಿದಳು. ಯೋನಾ ಸುಮ್ಮನಿದ್ದಿರಲಾರ. ನನಗೆ ಗೊತ್ತಾಗಿದೆಯೆಂದು ಅವರಿಗೆಲ್ಲ ಅನುಮಾನ, ಅವರ ಅನುಮಾನ ನನಗೆ ಗೊತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅಯ್ಯನವರು ಪ್ರಸಂಗ ಮುಗಿಸಿ ನಾಲಿಗೆಯಿಲ್ಲದ ಗಂಟೆಯನ್ನು ಎತ್ತಿದರು. ಸದ್ದು ಹೋಯಿತು, ಈ ವಾರ ಯಾರ ಮನೆಗೋ. ಸುತ್ತಲೂ ಬಾಯಿಗಳು ತೆರೆದವು. ಅತ್ತೆ ಮುಖವನ್ನು ನನ್ನ ಕಡೆ ತಿರುಗಿಸಿದರು. ತುಟಿಗಳು ಆಡಲು ತೊಡಗಿದವು, ಈಗ ನನಗೆ ಬಾಯಿಪಾಠವಾಗಿದ್ದ ಆಕಾರಗಳು. ನನ್ನ ಗಂಟಲಲ್ಲೂ ಒಂದು ಮಾತು ಬಂದು ನಿಂತಿತು. ಅದು ಹೋಗಿ ಬೀಳುವ ಮನೆಯಲ್ಲಿ ಅರಳೆ ಬಟ್ಟಲಿನಲ್ಲಿರುತ್ತದೆಂದು ನೆನೆದೆ. ಅವರಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ, ಯಾರಿಗೂ ಇಲ್ಲ ಎಂದು ತೀರ್ಮಾನಿಸಿ ಮಾತನ್ನು ನುಂಗಿದೆ. ಅತ್ತೆ ಇನ್ನೂ ಹೇಳುತ್ತಲೇ ಇದ್ದರು. ನಾನು ಅವರನ್ನು ನೋಡುವುದನ್ನು ಬಿಟ್ಟು, ಕಣ್ಣು ಮುಚ್ಚಿದೆ.